ಪಗಾರ, ತೆರಿಗೆ ಮತ್ತು ಕಾಲ್ಚೆಂಡು: ಆಟಗಾರರ ವಲಸೆಯ ಇತಿಹಾಸ



'ಗುಳೆ' ಎಂಬ ಮಾತಿನ ಅರ್ಥವನ್ನು ನಾಲತವಾಡದಲ್ಲಿ ಯಾರಿಗೂ ಬಿಡಿಸಿ ಹೇಳಬೇಕಾಗಿಲ್ಲ. ಮಳೆ ಕೈಕೊಟ್ಟ ವರ್ಷ ಗೋವಾಕ್ಕೆ, ಮಂಗಳೂರಿಗೆ, ಬೆಂಗಳೂರಿಗೆ ಹೋಗುವವರು ನಮ್ಮಲ್ಲಿದ್ದಾರೆ. ಪಾಸ್‌ಪೋರ್ಟ್ ಕೈಗೆ ಬಂದವರು ದುಬೈಗೋ ಸೌದಿಗೋ ಹೋಗುತ್ತಾರೆ. ಹೊರಡುವ ಹುಡುಗ ಕೇಳುವ ಮೊದಲ ಪ್ರಶ್ನೆ "ಪಗಾರ ಎಷ್ಟು?" ಎಂದು. ಒಮ್ಮೆ ಹೋಗಿ ಬಂದ ಹಿರಿಯರು ಕೇಳುವ ಪ್ರಶ್ನೆ ಬೇರೆ: "ಎಲ್ಲಾ ಮುರಕೊಂಡು ಕೈಗೆ ಎಷ್ಟು ಬರತೈತಿ?"

ಈ ಎರಡು ಪ್ರಶ್ನೆಗಳ ನಡುವಿನ ಅಂತರವೇ ಈ ಲೇಖನದ ವಿಷಯ. ಇದನ್ನು ಅರಿಯಲು ನಾನು ಆರಿಸಿಕೊಂಡಿರುವುದು ಫುಟ್ಬಾಲ್ ಆಟಗಾರರ ಇತಿಹಾಸವನ್ನು. ನಮ್ಮ ಕಡೆ ಕುಸ್ತಿ, ಕಬಡ್ಡಿ, ಕ್ರಿಕೆಟ್ ಇರುವಷ್ಟು ಫುಟ್ಬಾಲ್ ಇಲ್ಲ, ನಿಜ. ಆದರೆ ಕೌಶಲವನ್ನೇ ಬಂಡವಾಳವಾಗಿಸಿಕೊಂಡು ದೇಶದಿಂದ ದೇಶಕ್ಕೆ ಹೋಗುವವರಲ್ಲಿ ಫುಟ್ಬಾಲ್ ಆಟಗಾರರಷ್ಟು ಬೇಗ ಜಾಗ ಬದಲಿಸುವವರು ವಿರಳ. ಅವರ ಪಗಾರ ಪತ್ರಿಕೆಗಳಲ್ಲಿ ಅಚ್ಚಾಗುತ್ತದೆ, ಅವರು ಕಟ್ಟುವ ತೆರಿಗೆ ನ್ಯಾಯಾಲಯಗಳಲ್ಲಿ ಚರ್ಚೆಯಾಗುತ್ತದೆ. ಹೀಗಾಗಿ ದುಡಿಯುವ ಮನುಷ್ಯ ಯಾಕೆ ಊರು ಬಿಡುತ್ತಾನೆ ಎಂಬುದಕ್ಕೆ ಅವರ ಬದುಕು ತೆರೆದಿಟ್ಟ ಪುಸ್ತಕದಂತಿದೆ.

ನಮ್ಮ ಜಿಲ್ಲೆಯೇ ಮೊದಲ ಪಾಠ

ಪಗಾರ ಹುಡುಕಿಕೊಂಡು ಸಮುದ್ರ ದಾಟುವುದು ಇಂದಿನ ಸಂಗತಿಯಲ್ಲ. ವಿಜಯಪುರದ ಆದಿಲ್‌ಶಾಹಿ ದರಬಾರು ಇರಾನ್, ಅರಬಸ್ತಾನಗಳಿಂದ ಸೈನಿಕರನ್ನೂ ಕವಿಗಳನ್ನೂ ವಿದ್ವಾಂಸರನ್ನೂ ಸೆಳೆದಿತ್ತು. ಎರಡನೆಯ ಇಬ್ರಾಹಿಂ ಆದಿಲ್‌ಶಾಹನ (1580-1627) ಆಶ್ರಯದಲ್ಲಿ ಇತಿಹಾಸಕಾರ ಫಿರಿಶ್ತಾ ಇದ್ದನು, ಪಾರಸಿ ಕವಿ ಜುಹೂರಿಯೂ ಇದ್ದನು. ಹೊರಗಿನಿಂದ ಬಂದವರನ್ನು ಆಫಾಕಿಗಳೆಂದೂ ಇಲ್ಲಿ ನೆಲೆಸಿದವರನ್ನು ದಖನಿಗಳೆಂದೂ ಕರೆಯುತ್ತಿದ್ದರು. ಹುದ್ದೆ ಯಾರಿಗೆ ಎಂಬ ಜಗಳ ಇವರ ನಡುವೆ ಆಗಲೇ ಇತ್ತು. ಒಂದನೆಯ ಇಬ್ರಾಹಿಂ ಆಫಾಕಿಗಳನ್ನು ದೊಡ್ಡ ಸಂಖ್ಯೆಯಲ್ಲಿ ಸೇವೆಯಿಂದ ತೆಗೆದು ದಖನಿಗಳಿಗೆ ಅವಕಾಶ ಕೊಟ್ಟನು. ಅವನ ಮಗ ಒಂದನೆಯ ಅಲಿ ಮತ್ತೆ ಆಫಾಕಿಗಳನ್ನು ಕರೆಸಿಕೊಂಡನು. ಪರದೇಶಿ ಆಟಗಾರರು ಬಂದರೆ ಸ್ವದೇಶಿ ಹುಡುಗರ ಗತಿಯೇನು ಎಂದು ಇಂದು ಯುರೋಪಿನಲ್ಲಿ ನಡೆಯುವ ವಾದ ನಮಗೆ ಹೊಸದಲ್ಲ.

ಭಾಷೆಯೂ ಇದಕ್ಕೆ ಸಾಕ್ಷಿ. ಕರಾರು, ಬಾಕಿ, ವಸೂಲಿ, ಜಮಾ, ಖರ್ಚು ಎಂಬ ಮಾತುಗಳೆಲ್ಲ ಅರಬ್ಬಿ, ಪಾರಸಿಗಳಿಂದ ದಫ್ತರಗಳ ಮೂಲಕ ಕನ್ನಡಕ್ಕೆ ಬಂದವು. 'ಪಗಾರ' ಎಂಬುದು ಪೋರ್ಚುಗೀಸರಿಂದ ಬಂದ ಮಾತು. ಅಂದರೆ ಪಗಾರ ಎಂಬ ಶಬ್ದವೇ ಹಡಗು ಹತ್ತಿ ಬಂದದ್ದು!

ಬೆಂಗಳೂರಿನಿಂದ ಕಲ್ಕತ್ತೆಗೆ

ಕರ್ನಾಟಕದ ಫುಟ್ಬಾಲ್ ಆಟಗಾರರ ದೊಡ್ಡ ಗುಳೆ ನಡೆದದ್ದು ಕಲ್ಕತ್ತೆಯ ಕಡೆಗೆ. ಅದು ಪರದೇಶವಲ್ಲದಿದ್ದರೂ ಭಾಷೆ, ಊಟ, ಹವೆ ಎಲ್ಲವೂ ಬೇರೆಯಾಗಿದ್ದ ದೂರದ ಊರು. ಕಲ್ಕತ್ತೆಯ ಮೊಹಮ್ಮಡನ್ ಸ್ಪೋರ್ಟಿಂಗ್ ಕ್ಲಬ್ 1934ರಲ್ಲಿ ಕಲ್ಕತ್ತಾ ಫುಟ್ಬಾಲ್ ಲೀಗನ್ನು ಗೆದ್ದ ಮೊದಲ ಭಾರತೀಯ ತಂಡವಾಯಿತು. 1938ರವರೆಗೆ ಸತತ ಐದು ವರ್ಷ ಆ ಪಟ್ಟವನ್ನು ಬಿಟ್ಟುಕೊಡಲಿಲ್ಲ. ಈ ಯಶಸ್ಸಿನ ಒಂದು ಗುಟ್ಟು, ಕ್ಲಬ್ ಬಂಗಾಳದ ಹುಡುಗರಿಗಷ್ಟೇ ಕಾಯದೆ ದೇಶದ ಮೂಲೆಮೂಲೆಗಳಿಂದ ಆಟಗಾರರನ್ನು ಕರೆತಂದದ್ದು. ಬೆಂಗಳೂರಿನಿಂದಲೂ ಆಟಗಾರರು ಹೋದರು.

ಆ ಕಾಲದಲ್ಲಿ ಆಟಕ್ಕೆ ಪಗಾರವೆಂದು ಬಹಿರಂಗವಾಗಿ ಕೊಡುವಂತಿರಲಿಲ್ಲ. ಆಟಗಾರರು ಹವ್ಯಾಸಿಗಳಾಗಿರಬೇಕೆಂಬ ನಿಯಮವಿತ್ತು. ಆದ್ದರಿಂದ ಪ್ರತಿಫಲ ಬೇರೆ ರೂಪದಲ್ಲಿ ಬರುತ್ತಿತ್ತು: ಊಟ, ವಸತಿ, ಪ್ರಯಾಣದ ಖರ್ಚು, ಒಂದು ನೌಕರಿ. ಮನೆಗೆ ಹಣ ಕಳಿಸಬೇಕಾದ ಯುವಕನಿಗೆ ಅದೇ ಪಗಾರ.

ಹಾಗೆಂದು ಊರಲ್ಲಿ ಉಳಿದವರು ಕಡಿಮೆಯವರಾಗಿರಲಿಲ್ಲ. ಬೊಂಬಾಯಿಯ ರೋವರ್ಸ್ ಕಪ್ಪನ್ನು 1937ರಲ್ಲಿ ಗೆದ್ದದ್ದು 'ಬೆಂಗಳೂರು ಮುಸ್ಲಿಮ್ಸ್' ತಂಡ. ಫೈನಲ್‌ನಲ್ಲಿ ಅದು ಸೋಲಿಸಿದ್ದು ಇದೇ ಮೊಹಮ್ಮಡನ್ ಸ್ಪೋರ್ಟಿಂಗನ್ನು! 1938ರಲ್ಲಿ ಕಪ್ಪು ಮತ್ತೆ ಬೆಂಗಳೂರಿಗೇ ಬಂತು. 1940ರ ಫೈನಲ್‌ನಲ್ಲಿ ಮೊಹಮ್ಮಡನ್ ಸ್ಪೋರ್ಟಿಂಗ್ ಸೇಡು ತೀರಿಸಿಕೊಂಡಿತು. 1948ರಲ್ಲಿ ಬೆಂಗಳೂರು ಮುಸ್ಲಿಮ್ಸ್ ಮೂರನೆಯ ಸಲ ಗೆದ್ದಿತು.

ಅದೇ 1948ರಲ್ಲಿ ಲಂಡನ್ ಒಲಿಂಪಿಕ್ಸ್ ನಡೆಯಿತು. ಫ್ರಾನ್ಸ್ ವಿರುದ್ಧ ಭಾರತ 1-2ರಿಂದ ಸೋತಿತು. ಭಾರತದ ಆ ಒಂದು ಗೋಲು ಹೊಡೆದವರು ಬೆಂಗಳೂರಿನ ಸಾರಂಗಪಾಣಿ ರಾಮನ್. ಅದೇ ತಂಡದಲ್ಲಿದ್ದ ಬೆಂಗಳೂರಿನ ಅಹಮದ್ ಖಾನ್ 1949ರಲ್ಲಿ ಕಲ್ಕತ್ತೆಯ ಈಸ್ಟ್ ಬೆಂಗಾಲ್ ಸೇರಿದರು. ಅಲ್ಲಿ ವೆಂಕಟೇಶ್, ಅಪ್ಪಾರಾವ್, ಸಾಲೆ, ಧನರಾಜ್ ಮತ್ತು ಅಹಮದ್ ಖಾನ್ ಎಂಬ ಐವರು ಮುನ್ಪಡೆ ಆಟಗಾರರನ್ನು ಜನ 'ಪಂಚ ಪಾಂಡವರು' ಎಂದು ಕರೆದರು. ಐವರಲ್ಲಿ ಹೆಚ್ಚಿನವರು ದಕ್ಷಿಣದವರು ಎಂಬುದನ್ನು ಗಮನಿಸಿ. 1949, 1950, 1951ರಲ್ಲಿ ಈಸ್ಟ್ ಬೆಂಗಾಲ್ ಸತತವಾಗಿ ಐ.ಎಫ್.ಎ. ಶೀಲ್ಡ್ ಗೆದ್ದಿತು. ಬೆಂಗಳೂರು ಬೆಳೆಸಿದ ಪ್ರತಿಭೆಯ ಫಲವನ್ನು ಕಲ್ಕತ್ತೆ ಉಂಡಿತು ಎಂದರೆ ತಪ್ಪಾಗಲಾರದು. ಕಾರಣ ಸರಳ. ಕಲ್ಕತ್ತೆಯಲ್ಲಿ ಪ್ರೇಕ್ಷಕರಿದ್ದರು, ಪ್ರೇಕ್ಷಕರಿದ್ದಲ್ಲಿ ಹಣವಿತ್ತು.

ಮುಂದೆ ಬೆಂಗಳೂರು ಈ ಗುಳೆಗೆ ತನ್ನದೇ ಉತ್ತರ ಕಂಡುಕೊಂಡಿತು. ಎಚ್.ಎ.ಎಲ್., ಐ.ಟಿ.ಐ. ಮುಂತಾದ ಸಾರ್ವಜನಿಕ ಕಾರ್ಖಾನೆಗಳು ಫುಟ್ಬಾಲ್ ತಂಡ ಕಟ್ಟಿ ಆಟಗಾರರಿಗೆ ನೌಕರಿ ಕೊಟ್ಟವು. ದೊಡ್ಡ ಮೊತ್ತವಲ್ಲದಿದ್ದರೂ ಕಾಲು ಸೋತ ಮೇಲೂ ನಿಲ್ಲದ ಪಗಾರ ಅದು. ಅಂಥ ನೌಕರಿಯ ಬೆಲೆಯನ್ನು ಕೇವಲ ತಿಂಗಳ ಮೊತ್ತದಿಂದ ಅಳೆಯಲಾಗದು.

ಸಮುದ್ರ ದಾಟಿದ ಸಲೀಂ

ಭಾರತದಿಂದ ಯುರೋಪಿನ ಕ್ಲಬ್ಬಿಗೆ ಆಡಿದ ಮೊದಲಿಗರೆಂದು ಇತಿಹಾಸ ನೆನೆಯುವುದು ಮೊಹಮ್ಮಡನ್ ಸ್ಪೋರ್ಟಿಂಗ್‌ನ ಮೊಹಮ್ಮದ್ ಸಲೀಂ ಅವರನ್ನು. 1936ರಲ್ಲಿ ಬಂಧುವೊಬ್ಬರ ಜೊತೆ ಹಡಗಿನಲ್ಲಿ ಹೊರಟು ಸ್ಕಾಟ್‌ಲೆಂಡಿನ ಸೆಲ್ಟಿಕ್ ಕ್ಲಬ್ ತಲುಪಿದರು. ಅಲ್ಲಿಯ ಆಟಗಾರರೆಲ್ಲ ಬೂಟು ಧರಿಸಿದ್ದರೆ ಸಲೀಂ ಪಾದಗಳಿಗೆ ಬಟ್ಟೆಯ ಪಟ್ಟಿ ಸುತ್ತಿಕೊಂಡು ಆಡಿದರು. ಎರಡು ಪಂದ್ಯಗಳಲ್ಲೇ ಜನರ ಮನ ಗೆದ್ದರು. ಉಳಿಯಬೇಕೆಂದು ಕ್ಲಬ್ ಬಯಸಿತು. ಆದರೆ ಊರಿನ ನೆನಪು ಕಾಡಿ ಅವರು ಮರಳಿ ಬಂದರು. ಒಂದು ಸಹಾಯಾರ್ಥ ಪಂದ್ಯದ ಉತ್ಪನ್ನದಲ್ಲಿ ಶೇಕಡಾ 5ರ ಪಾಲನ್ನು ಅವರಿಗೆ ಕೊಡಲು ಕ್ಲಬ್ ಮುಂದಾದಾಗ, ಅದನ್ನು ಅನಾಥ ಮಕ್ಕಳಿಗೆ ಕೊಡಿ ಎಂದು ಅವರು ಹೇಳಿದರೆಂಬುದು ಪ್ರಸಿದ್ಧ ಸಂಗತಿ. ಪಗಾರವೇ ಎಲ್ಲವನ್ನೂ ನಿರ್ಧರಿಸುತ್ತದೆ ಎನ್ನುವವರು ಸಲೀಂ ಅವರನ್ನು ನೆನೆಯಬೇಕು.

ಪಗಾರಕ್ಕೆ ಮಿತಿ ಹಾಕಿದಾಗ

ಈಗ ಫುಟ್ಬಾಲಿನ ತವರಾದ ಇಂಗ್ಲೆಂಡಿಗೆ ಬರೋಣ. ಅಲ್ಲಿ 1901ರಲ್ಲಿ ಆಟಗಾರನಿಗೆ ವಾರಕ್ಕೆ 4 ಪೌಂಡ್‌ಗಿಂತ ಹೆಚ್ಚು ಕೊಡಬಾರದೆಂಬ ನಿಯಮ ಜಾರಿಗೆ ಬಂತು. ಈ ಮಿತಿ ಏರುತ್ತಾ ಕೊನೆಗೆ 20 ಪೌಂಡ್‌ಗೆ ಬಂದು ನಿಂತಿತು. ಮೈದಾನದಲ್ಲಿ ಸಾವಿರಾರು ಜನ ಟಿಕೆಟ್ ಕೊಂಡು ಕೂತಿದ್ದರೂ ಆಟಗಾರನಿಗೆ ಇಷ್ಟೇ.

ಇಂಥ ಕಟ್ಟುಪಾಡು ಇದ್ದಲ್ಲಿ ಜನ ಬಾಗಿಲು ಹುಡುಕುತ್ತಾರೆ. 1949ರ ಹೊತ್ತಿಗೆ ದಕ್ಷಿಣ ಅಮೆರಿಕದ ಕೊಲಂಬಿಯಾ ದೇಶದ ಲೀಗು ವಿಶ್ವಸಂಸ್ಥೆಯಾದ ಫಿಫಾದ ನಿಯಮಗಳಿಂದ ಹೊರಗಿತ್ತು. ಅದು ಬೇರೆ ಕ್ಲಬ್ಬುಗಳಿಗೆ ವರ್ಗಾವಣೆ ಹಣ ಕೊಡದೆ ಆಟಗಾರರಿಗೇ ನೇರವಾಗಿ ದೊಡ್ಡ ಪಗಾರ ಕೊಡತೊಡಗಿತು. ಅರ್ಜೆಂಟೀನಾದಲ್ಲಿ ಆಟಗಾರರ ಮುಷ್ಕರ ನಡೆದಿತ್ತು. ಡಿ ಸ್ಟೆಫಾನೊ ಎಂಬ ಮಹಾನ್ ಆಟಗಾರ ಬೊಗೋಟಾದ ಮಿಲಿಯೊನಾರಿಯೋಸ್ ಸೇರಿದನು. 1950ರಲ್ಲಿ ಇಂಗ್ಲೆಂಡಿನ ನೀಲ್ ಫ್ರಾಂಕ್ಲಿನ್, ಚಾರ್ಲಿ ಮಿಟನ್ ಮುಂತಾದವರೂ ಹೋದರು. ಫ್ರಾಂಕ್ಲಿನ್ ಕೆಲವೇ ವಾರಗಳಲ್ಲಿ ಮರಳಿದನು. ಬಂದವನಿಗೆ ನಿಷೇಧ ಕಾದಿತ್ತು. ಇಂಗ್ಲೆಂಡ್ ತಂಡಕ್ಕೆ ಅವನು ಮತ್ತೆಂದೂ ಆಡಲಿಲ್ಲ. ಹೆಚ್ಚಿನ ಪಗಾರವೇನೋ ನಿಜವಿತ್ತು, ಆದರೆ ಹಿಂದಿರುಗುವ ಬಾಗಿಲು ಮುಚ್ಚಿತ್ತು.

1957ರಲ್ಲಿ ವೇಲ್ಸ್‌ನ ಜಾನ್ ಚಾರ್ಲ್ಸ್ 65,000 ಪೌಂಡ್ ವರ್ಗಾವಣೆ ಮೊತ್ತಕ್ಕೆ ಇಟಲಿಯ ಯುವೆಂಟಸ್‌ಗೆ ಹೋದನು. ಇಂಥ ಪ್ರಸಂಗಗಳ ಜೊತೆಗೆ ಆಟಗಾರರ ಸಂಘವೂ ಜಿಮ್ಮಿ ಹಿಲ್ ನೇತೃತ್ವದಲ್ಲಿ ಹೋರಾಡಿತು. 1961ರಲ್ಲಿ ಪಗಾರದ ಮಿತಿ ರದ್ದಾಯಿತು. ಫುಲ್ಹಾಮ್ ಕ್ಲಬ್ಬಿನ ಜಾನಿ ಹೇನ್ಸ್ ವಾರಕ್ಕೆ 100 ಪೌಂಡ್ ಪಡೆದ ಮೊದಲಿಗನಾದನು.

ತೆರಿಗೆ ಆಟಕ್ಕೆ ಇಳಿದದ್ದು

ಇಲ್ಲಿಯವರೆಗೆ ಪಗಾರದ ಕಥೆ. ತೆರಿಗೆಯ ಕಥೆ ಜೋರಾದದ್ದು 1995ರ ನಂತರ. ಬೆಲ್ಜಿಯಂನ ಬಾಸ್ಮನ್ ಎಂಬ ಆಟಗಾರ ಕರಾರು ಮುಗಿದ ಮೇಲೂ ತನ್ನನ್ನು ಬಿಡದ ಕ್ಲಬ್ಬಿನ ವಿರುದ್ಧ ವರ್ಷಗಟ್ಟಲೆ ವ್ಯಾಜ್ಯ ನಡೆಸಿದನು. 1995ರ ಡಿಸೆಂಬರ್ 15ರಂದು ಯುರೋಪಿನ ನ್ಯಾಯಾಲಯ ತೀರ್ಪು ಕೊಟ್ಟಿತು. ಕರಾರು ಮುಗಿದರೆ ಯುರೋಪಿಯನ್ ಒಕ್ಕೂಟದ ಆಟಗಾರ ವರ್ಗಾವಣೆ ಹಣವಿಲ್ಲದೆ ಒಕ್ಕೂಟದ ಬೇರೆ ದೇಶದ ಕ್ಲಬ್ಬಿಗೆ ಹೋಗಬಹುದು, ಒಕ್ಕೂಟದ ದೇಶಗಳವರಿಗೆ ಪರದೇಶಿಗಳೆಂದು ಸಂಖ್ಯೆಯ ಮಿತಿ ಹಾಕುವಂತಿಲ್ಲ ಎಂದಿತು. ಬಾಗಿಲು ತೆರೆದ ಕೂಡಲೇ ಯಾವ ದೇಶದಲ್ಲಿ ತೆರಿಗೆ ಎಷ್ಟು ಎಂಬ ಲೆಕ್ಕಕ್ಕೆ ಬೆಲೆ ಬಂತು.

ಒಂದು ಸಣ್ಣ ಲೆಕ್ಕ ಮಾಡೋಣ, ವಿದ್ಯಾರ್ಥಿಗಳು ಪೆನ್ನು ಹಿಡಿಯಲಿ. ಒಬ್ಬ ಆಟಗಾರನು "ತೆರಿಗೆ ಕಳೆದು ನನ್ನ ಕೈಗೆ 100 ಲಕ್ಷ ಬರಬೇಕು" ಎಂದು ಕರಾರು ಮಾಡಿಕೊಳ್ಳುತ್ತಾನೆ ಎನ್ನಿ. ಯುರೋಪಿನಲ್ಲಿ ಇಂಥ ಕರಾರುಗಳು ಸಾಮಾನ್ಯ. ತೆರಿಗೆ ಶೇಕಡಾ 45 ಇರುವಲ್ಲಿ ಕ್ಲಬ್ ಸುಮಾರು 182 ಲಕ್ಷ ತೆಗೆದಿಡಬೇಕು. ತೆರಿಗೆ ಶೇಕಡಾ 24 ಇರುವಲ್ಲಿ ಸುಮಾರು 132 ಲಕ್ಷ ಸಾಕು. ತೆರಿಗೆಯೇ ಇಲ್ಲದ ದೇಶದಲ್ಲಿ 100 ಲಕ್ಷ ಸಾಕು. ಆಟಗಾರ ಒಬ್ಬನೇ, ಅವನಿಗೆ ಸಿಗುವ ಹಣವೂ ಒಂದೇ. ಆದರೆ ಮೊದಲ ಕ್ಲಬ್ಬಿಗೆ ಎರಡನೆಯದಕ್ಕಿಂತ 50 ಲಕ್ಷ ಹೆಚ್ಚು ಖರ್ಚು. ಹಾಗಾದರೆ ದೊಡ್ಡ ಆಟಗಾರನನ್ನು ಕೊಳ್ಳುವ ಪೈಪೋಟಿಯಲ್ಲಿ ಯಾರು ಗೆಲ್ಲುತ್ತಾರೆ? ಉತ್ತರ ನೀವೇ ಹೇಳಿ.

ಶೇಕಡಾ 24 ಎಂಬುದು ಕಲ್ಪನೆಯ ಅಂಕಿಯಲ್ಲ. ಸ್ಪೇನ್ ಸರಕಾರ 2005ರಲ್ಲಿ ಹೊರದೇಶದಿಂದ ಬರುವ ನೌಕರರಿಗೆ ಕೆಲವು ವರ್ಷಗಳ ಕಾಲ ಇದೇ ಏಕರೂಪ ದರ ನಿಗದಿಪಡಿಸಿತು. ವಿಜ್ಞಾನಿಗಳು, ತಜ್ಞರು ಬರಲಿ ಎಂಬುದು ಉದ್ದೇಶ. ಆದರೆ ಜನ ಅದನ್ನು 'ಬೆಕ್‌ಹ್ಯಾಮ್ ಕಾನೂನು' ಎಂದೇ ಕರೆದರು. ಯಾಕೆಂದರೆ 2003ರಲ್ಲಿ ರಿಯಲ್ ಮ್ಯಾಡ್ರಿಡ್ ಸೇರಿದ್ದ ಇಂಗ್ಲೆಂಡಿನ ಡೇವಿಡ್ ಬೆಕ್‌ಹ್ಯಾಮ್ ಅದರ ಲಾಭ ಪಡೆದವರಲ್ಲಿ ಮೊದಲಿಗರಾಗಿದ್ದರು. ಸಾಮಾನ್ಯ ಸ್ಪೇನ್ ಪ್ರಜೆ ಮೇಲ್ಹಂತದ ಆದಾಯಕ್ಕೆ ಶೇಕಡಾ 40ಕ್ಕೂ ಮೀರಿ ಕಟ್ಟುವಾಗ ಕೋಟ್ಯಧೀಶ ಆಟಗಾರನಿಗೆ 24 ಯಾಕೆ ಎಂಬ ಅಸಮಾಧಾನ ಬೆಳೆಯಿತು. 2010ರಲ್ಲಿ ವರ್ಷಕ್ಕೆ 6 ಲಕ್ಷ ಯೂರೋ ಮಿತಿ ಬಂತು. 2015ರಿಂದ ವೃತ್ತಿಪರ ಕ್ರೀಡಾಪಟುಗಳನ್ನೇ ಈ ರಿಯಾಯಿತಿಯಿಂದ ಹೊರಗಿಡಲಾಯಿತು.

ಕ್ಲೆವೆನ್, ಲಾಂಡೆ, ಸಾಯೆಜ್ ಎಂಬ ಮೂವರು ಅರ್ಥಶಾಸ್ತ್ರಜ್ಞರು ಯುರೋಪಿನ 14 ದೇಶಗಳ ಲೀಗುಗಳ ಆಟಗಾರರನ್ನು ಅಧ್ಯಯನ ಮಾಡಿ 2013ರಲ್ಲಿ ಪ್ರಬಂಧ ಪ್ರಕಟಿಸಿದರು. ತೆರಿಗೆ ಇಳಿದ ದೇಶಕ್ಕೆ ಪರದೇಶಿ ಆಟಗಾರರು, ಅದರಲ್ಲೂ ಹೆಚ್ಚು ಸಾಮರ್ಥ್ಯದವರು, ಹೆಚ್ಚಾಗಿ ಬಂದರು ಎಂದು ಅವರು ಕಂಡುಕೊಂಡರು. ಗಮನಿಸತಕ್ಕ ಇನ್ನೊಂದು ಅಂಶ: ಹಾಗೆ ಬಂದವರು ಸಾಧಾರಣ ಸಾಮರ್ಥ್ಯದ ಆಟಗಾರರ ಜಾಗವನ್ನು ತುಂಬಿದರು. ತಂಡದಲ್ಲಿ ಆಡುವವರು ಹನ್ನೊಂದೇ ಮಂದಿ. ರಿಯಾಯಿತಿಯ ಬೆಲೆಯನ್ನು ಖಜಾನೆ ಮಾತ್ರವಲ್ಲ, ಜಾಗ ಕಳೆದುಕೊಂಡ ಆಟಗಾರನೂ ತೆತ್ತನು.

ಇದರ ವಿರುದ್ಧ ದಿಕ್ಕಿನ ಪ್ರಯೋಗ ಫ್ರಾನ್ಸ್‌ನಲ್ಲಿ ನಡೆಯಿತು. 10 ಲಕ್ಷ ಯೂರೋ ಮೀರಿದ ಪಗಾರದ ಮೇಲೆ 2013 ಮತ್ತು 2014ರ ಸಾಲಿಗೆ ಶೇಕಡಾ 75ರ ತೆರಿಗೆಯನ್ನು ಮಾಲೀಕರ ಮೇಲೆ ಹೇರಲಾಯಿತು. ಕ್ಲಬ್ಬುಗಳು 2013ರ ನವೆಂಬರ್‌ನಲ್ಲಿ ಪಂದ್ಯ ನಿಲ್ಲಿಸುವ ಬೆದರಿಕೆ ಹಾಕಿ ಆಮೇಲೆ ಕೈಬಿಟ್ಟವು. ಅವಧಿ ಮುಗಿದ ಮೇಲೆ ತೆರಿಗೆ ಮುಂದುವರಿಯಲಿಲ್ಲ. ಇಟಲಿ 2019ರ ಕಾನೂನಿನಿಂದ ಹೊರಗಿನಿಂದ ಬರುವ ಆಟಗಾರರ ಅರ್ಧ ಆದಾಯಕ್ಕೆ ವಿನಾಯಿತಿ ಕೊಟ್ಟು, 2024ರಿಂದ ಹೊಸಬರಿಗೆ ಅದನ್ನು ನಿಲ್ಲಿಸಿತು. ಸರಕಾರಗಳ ಮನಸ್ಸು ಬದಲಾಗುತ್ತಲೇ ಇರುತ್ತದೆ. ಆಟಗಾರನ ಕಾಲು ಚುರುಕಾಗಿರುವುದು ಹತ್ತು ಹದಿನೈದು ವರ್ಷ ಮಾತ್ರ.

ರಿಯಾದ್‌ನ ಎರಡು ಚಿತ್ರಗಳು

ತೆರಿಗೆಯಿಲ್ಲದ ಪಗಾರ ಎಂದರೆ ನಮ್ಮವರಿಗೆ ಥಟ್ಟನೆ ನೆನಪಾಗುವುದು ಗಲ್ಫ್. ಸೌದಿ ಅರೇಬಿಯಾದಲ್ಲಿ ನೌಕರನ ಪಗಾರದ ಮೇಲೆ ಆದಾಯ ತೆರಿಗೆ ಇಲ್ಲ. ಪೋರ್ಚುಗಲ್‌ನ ಕ್ರಿಸ್ಟಿಯಾನೊ ರೊನಾಲ್ಡೊ 2022ರ ಡಿಸೆಂಬರ್ ಕೊನೆಯಲ್ಲಿ ರಿಯಾದ್‌ನ ಅಲ್ ನಸ್ರ್ ಕ್ಲಬ್ ಸೇರಿದರು. 2023ರ ಜೂನ್‌ನಲ್ಲಿ ಅಲ್ಲಿಯ ಸರಕಾರಿ ಹೂಡಿಕೆ ನಿಧಿ ನಾಲ್ಕು ದೊಡ್ಡ ಕ್ಲಬ್ಬುಗಳ ಶೇಕಡಾ 75ರ ಪಾಲು ಪಡೆಯಿತು. ಬೆಂಜೆಮಾ, ನೇಮಾರ್ ಮುಂತಾದವರು ಹೋದರು. ಎಲ್ಲರೂ ನೆಲೆ ನಿಲ್ಲಲಿಲ್ಲ. ಇಂಗ್ಲೆಂಡಿನ ಜೋರ್ಡನ್ ಹೆಂಡರ್ಸನ್ ಆರೇ ತಿಂಗಳಲ್ಲಿ ಬಿಟ್ಟು ಬಂದರು.

ಅದೇ ರಿಯಾದ್ ನಗರದಲ್ಲಿ 2023ರ ಮಾರ್ಚ್ 4ರಂದು ಇನ್ನೊಂದು ಪಂದ್ಯ ನಡೆಯಿತು. ಸಂತೋಷ್ ಟ್ರೋಫಿಯ ಫೈನಲ್‌ನಲ್ಲಿ ಕರ್ನಾಟಕ ತಂಡ ಮೇಘಾಲಯವನ್ನು 3-2ರಿಂದ ಸೋಲಿಸಿತು. ಮೈಸೂರು ರಾಜ್ಯವೆಂಬ ಹೆಸರಿನಲ್ಲಿ 1968-69ರಲ್ಲಿ ಗೆದ್ದ ಮೇಲೆ 54 ವರ್ಷಗಳ ನಂತರ ಬಂದ ಗೆಲುವು ಅದು. ನಮ್ಮ ಎಷ್ಟು ಜನ ಓದುಗರಿಗೆ ಆ ದಿನ ಗೊತ್ತಿತ್ತು? ರೊನಾಲ್ಡೊ ಪಗಾರ ಬಾಯಿಪಾಠ ಇರುವ ನಮ್ಮ ಹುಡುಗರು ಆ ವಿಜಯಿ ತಂಡದ ಒಬ್ಬ ಆಟಗಾರನ ಹೆಸರನ್ನಾದರೂ ಹೇಳಬಲ್ಲರೇ?

ಹೆಚ್ಚಿನ ಪಗಾರದ ಭರವಸೆ ಎಷ್ಟು ದಿನದ್ದು ಎಂಬುದಕ್ಕೆ ಚೀನಾ ಉದಾಹರಣೆ. 2016-17ರ ಸುಮಾರಿಗೆ ಅಲ್ಲಿಯ ಕ್ಲಬ್ಬುಗಳು ಹಣದ ಹೊಳೆ ಹರಿಸಿದವು. 2020ರಲ್ಲಿ ಜಿಯಾಂಗ್ಸು ಕ್ಲಬ್ ರಾಷ್ಟ್ರೀಯ ಲೀಗ್ ಗೆದ್ದಿತು. 2021ರ ಫೆಬ್ರವರಿಯಲ್ಲಿ ಅದೇ ಕ್ಲಬ್ ಬಾಗಿಲು ಹಾಕಿತು. ನಮ್ಮ ರಾಜ್ಯದಲ್ಲೂ ಸಂಕಟ ಬಂದಿದೆ. 2013ರಲ್ಲಿ ಹುಟ್ಟಿ, 2016ರಲ್ಲಿ ಎ.ಎಫ್.ಸಿ. ಕಪ್ ಫೈನಲ್ ತಲುಪಿದ ಮೊದಲ ಭಾರತೀಯ ಕ್ಲಬ್ ಎನಿಸಿಕೊಂಡ ಬೆಂಗಳೂರು ಎಫ್.ಸಿ., ಇಂಡಿಯನ್ ಸೂಪರ್ ಲೀಗ್ ನಡೆಯುವುದೇ ಅನಿಶ್ಚಿತವಾದಾಗ 2025ರ ಆಗಸ್ಟ್‌ನಲ್ಲಿ ಮುಖ್ಯ ತಂಡದ ಆಟಗಾರರು ಮತ್ತು ಸಿಬ್ಬಂದಿಯ ಪಗಾರವನ್ನು ತಡೆಹಿಡಿಯುವುದಾಗಿ ಪ್ರಕಟಿಸಿತು.

ಬಾಗಿಲಿನ ಕೀಲಿ ಯಾರ ಬಳಿ?

ಪಗಾರವೂ ಚೆನ್ನಾಗಿದೆ, ಹೋಗುವ ಮನಸ್ಸೂ ಇದೆ. ಆದರೂ ಹೋಗಲಾಗದು ಎಂಬ ಪ್ರಸಂಗವೂ ಇದೆ. ಭಾಯಿಚುಂಗ್ ಭುಟಿಯಾ 1999ರಲ್ಲಿ ಇಂಗ್ಲೆಂಡಿನ ಬರಿ ಕ್ಲಬ್ ಸೇರಿದ್ದರು. ಆದರೆ 2009ರಲ್ಲಿ ಲಂಡನ್ನಿನ ಕ್ವೀನ್ಸ್ ಪಾರ್ಕ್ ರೇಂಜರ್ಸ್ ಜೊತೆ ಮಾತುಕತೆ ಮುಗಿಸಿದ್ದ ಸುನಿಲ್ ಛೆಟ್ರಿಗೆ ಕೆಲಸದ ಪರವಾನಗಿಯೇ ಸಿಗಲಿಲ್ಲ. ಫಿಫಾ ಪಟ್ಟಿಯಲ್ಲಿ ಭಾರತ ಮೊದಲ 70 ದೇಶಗಳೊಳಗೆ ಇರಲಿಲ್ಲ ಎಂಬುದೇ ಕಾರಣ. ಮುಂದೆ ಅವರು 2010ರಲ್ಲಿ ಅಮೆರಿಕದ ಕಾನ್ಸಾಸ್ ಸಿಟಿಗೂ 2012ರಲ್ಲಿ ಪೋರ್ಚುಗಲ್‌ಗೂ ಹೋದರು. ಆಡುವ ಅವಕಾಶ ಹೆಚ್ಚು ಸಿಗಲಿಲ್ಲ. 2013ರಲ್ಲಿ ಬೆಂಗಳೂರಿಗೆ ಬಂದು ಇಲ್ಲಿಯೇ ಮನೆಮಾತಾದರು. ಗೋಲ್‌ಕೀಪರ್ ಗುರುಪ್ರೀತ್ ಸಿಂಗ್ ಸಂಧು 2014ರಲ್ಲಿ ನಾರ್ವೆಯ ಸ್ಟಾಬೆಕ್ ಸೇರಿ, 2017ರಲ್ಲಿ ಬೆಂಗಳೂರು ಎಫ್.ಸಿ.ಗೆ ಮರಳಿದರು. ಅಂದರೆ ಪಗಾರ ಕರೆಯುತ್ತದೆ, ತೆರಿಗೆ ತೂಗುತ್ತದೆ, ಪರವಾನಗಿ ತಡೆಯುತ್ತದೆ. ಇವೆಲ್ಲ ದಾಟಿದ ಮೇಲೂ ಮೈದಾನದಲ್ಲಿ ಜಾಗ ಸಿಗಬೇಕು.

ಸಹಿಗೆ ಮುನ್ನ

ಕೊನೆಯದಾಗಿ ನಮ್ಮ ವಿದ್ಯಾರ್ಥಿಗಳು ಮನಸ್ಸಿನಲ್ಲಿ ಇಡಬೇಕಾದ ಒಂದು ಪ್ರಸಂಗ. ಜಗತ್ಪ್ರಸಿದ್ಧ ಆಟಗಾರ ಲಿಯೊನೆಲ್ ಮೆಸ್ಸಿಗೆ 2016ರ ಜುಲೈಯಲ್ಲಿ ಬಾರ್ಸಿಲೋನಾ ನ್ಯಾಯಾಲಯ 21 ತಿಂಗಳ ಶಿಕ್ಷೆ ವಿಧಿಸಿತು. 2007ರಿಂದ 2009ರವರೆಗೆ ಸುಮಾರು 41 ಲಕ್ಷ ಯೂರೋ ತೆರಿಗೆ ತಪ್ಪಿಸಿದ ಆರೋಪ ಸಾಬೀತಾಗಿತ್ತು. ತನಗೆ ಆಟ ಮಾತ್ರ ಗೊತ್ತು, ತಂದೆಯ ಮೇಲೂ ವಕೀಲರ ಮೇಲೂ ನಂಬಿಕೆಯಿಟ್ಟು ಸಹಿ ಮಾಡಿದೆ ಎಂಬುದು ಅವರ ವಾದವಾಗಿತ್ತು. ನ್ಯಾಯಾಲಯ ಒಪ್ಪಲಿಲ್ಲ. ಮರುವರ್ಷ ಶಿಕ್ಷೆಯನ್ನು ದಂಡಕ್ಕೆ ಬದಲಿಸಲಾಯಿತು. 2019ರಲ್ಲಿ ರೊನಾಲ್ಡೊ ಕೂಡ ಸ್ಪೇನ್‌ನ ತೆರಿಗೆ ಪ್ರಕರಣದಲ್ಲಿ 188 ಲಕ್ಷ ಯೂರೋ ಕಟ್ಟಲು ಒಪ್ಪಿದರು. ಅಷ್ಟು ಹಣ, ಅಷ್ಟು ವಕೀಲರು ಇದ್ದವರ ಗತಿಯೇ ಹೀಗಾದರೆ, ಏಜೆಂಟ್ ತೋರಿಸಿದಲ್ಲಿ ಸಹಿ ಹಾಕಿ ಬಸ್ಸು ಹತ್ತುವ ನಮ್ಮ ಹುಡುಗನ ಗತಿಯೇನು?

ತೆರಿಗೆ ಎಂದರೆ ಕಳೆದುಹೋದ ಹಣ ಎಂದು ಭಾವಿಸಬೇಡಿ. ಸರಕಾರಿ ಶಾಲೆ, ರಸ್ತೆ, ದವಾಖಾನೆ ನಡೆಯುವುದು ಅದರಿಂದಲೇ. ಶಿಕ್ಷಕರಾದ ನಮ್ಮ ಪಗಾರ ಚೀಟಿಯಲ್ಲೂ ಪ್ರತಿ ತಿಂಗಳು ವೃತ್ತಿ ತೆರಿಗೆ ಕಡಿತವಾಗುತ್ತದೆ. ತೆರಿಗೆ ಕಟ್ಟಬಾರದು ಎಂಬುದು ನನ್ನ ಮಾತಲ್ಲ. ಎಷ್ಟು ಕಡಿತವಾಗುತ್ತದೆ, ಯಾಕೆ ಆಗುತ್ತದೆ ಎಂದು ಓದಿ ತಿಳಿಯುವಷ್ಟು ವಿದ್ಯೆ ನಮಗಿರಬೇಕು. ಆದ್ದರಿಂದ ನಾಳೆ ಬೆಂಗಳೂರಿಗೋ ಜಿದ್ದಾಕ್ಕೋ ಹೊರಡುವ ನನ್ನ ವಿದ್ಯಾರ್ಥಿಯೇ, ಪಗಾರ ಎಷ್ಟು ಎಂದು ಅವಶ್ಯ ಕೇಳು. ಕಡಿತ ಹೋಗಿ, ಬಾಡಿಗೆ, ಊಟ ಹೋಗಿ ಕೈಗೆ ಎಷ್ಟು ಎಂದು ಕಾಗದದ ಮೇಲೆ ಲೆಕ್ಕ ಬರೆ. ಪಗಾರ ನಿಂತರೆ ಏನು, ನಡುವೆ ಬಿಟ್ಟು ಬಂದರೆ ಏನು ಎಂದು ಕರಾರಿನಲ್ಲಿ ಹುಡುಕು. ಕರಾರು ಯಾವ ಭಾಷೆಯಲ್ಲಿದ್ದರೂ ಓದಬಲ್ಲವರಿಂದ ಓದಿಸಿಕೊಂಡು, ಅರ್ಥವಾದ ಮೇಲೆಯೇ ಸಹಿ ಹಾಕು. ಅದರ ಒಂದು ಪ್ರತಿ ಮನೆಯಲ್ಲಿ ಇಟ್ಟು ಹೋಗು.